ಭದ್ರೆಯಿಂದ ತುಂಗೆಗೆ, ಒಂದು ಚಾಪೆಯ ದೂರ

ಶಿವಮೊಗ್ಗಕ್ಕೆ ಹೋಗಬೇಕಾಗಿದ್ದದ್ದು ಭಾನುವಾರ. ಅಕ್ಕ ತಲೆಗೆ ನೀರು ಹಾಕಿಕೊಂಡದ್ದು ಬುಧವಾರ. ಗುರುವಾರ ಪೂರ್ತಿ ಮಲಗಿದಳು. ಶುಕ್ರವಾರ ಸೀರೆ ಆರಿಸಿದಳು. ಆರಿಸಿದಳು ಎಂದರೆ ಭಾವ ಬೀರುವಿನಿಂದ ಒಂದೊಂದೇ ತೆಗೆದು ತೋರಿಸಿದರು, ಅವಳು ಮಂಚದ ಮೇಲಿಂದಲೇ ಬೆರಳು ಮಾಡಿದಳು. ಶನಿವಾರ ಯಾರ ಜೊತೆಗೂ ಮಾತಿಲ್ಲ. ಬೆಂಗಳೂರಿನಿಂದ ರೈಲು ಹತ್ತಿ, ಅರಸೀಕೆರೆ, ಬೀರೂರು, ತರೀಕೆರೆ ದಾಟಿ ಸಂಜೆ ಭದ್ರಾವತಿಯಲ್ಲಿ ಇಳಿದು ನಾನು ಮನೆಗೆ ಬಂದರೆ, ಅವಳು ಕೈಯನ್ನಷ್ಟೇ ಒಂಚೂರು ಎತ್ತಿ ಕಣ್ಣು ಮುಚ್ಚಿಕೊಂಡಳು. ನನಗೆ ಮುಖ ಪೆಚ್ಚಾಯಿತು. ಭಾವ ಅಡುಗೆಮನೆಗೆ ಕರೆದು ಕಾಫಿ ಕೊಡುತ್ತ ಪಿಸುದನಿಯಲ್ಲಿ ಹೇಳಿದರು: ‘ಬೇಜಾರು ಮಾಡ್ಕೋಬೇಡ. ನಾಳೆಗೆ ಮಾತು ಕೂಡಿಡ್ತಿದಾಳೆ.’

ಭದ್ರಾವತಿಯಿಂದ ಶಿವಮೊಗ್ಗ ಸುಮಾರು 20 ಕಿಲೋಮೀಟರ್. ನಮ್ಮ ಹುಡುಗತನದಲ್ಲಿ ಹೊಸ ಸಿನಿಮಾ ಬಂತೆಂದರೆ ಬಸ್ಸು ಹತ್ತಿ ಮ್ಯಾಟಿನಿ ನೋಡಿ, ಗಾಂಧಿ ಬಜಾರಿನಲ್ಲಿ ಒಂದು ಸುತ್ತು ಹಾಕಿ, ರಾತ್ರಿ ಊಟಕ್ಕೆ ಮನೆಯಲ್ಲಿರುತ್ತಿದ್ದೆವು. ಅದನ್ನು ಪ್ರವಾಸ ಎಂದು ಯಾರಾದರೂ ಕರೆದಿದ್ದರೆ ಅಮ್ಮ ನಗುತ್ತಿದ್ದಳು. ಹಿಮದ ಊರುಗಳಿಗೂ ಮರಳುಗಾಡಿಗೂ ಹೋಗಿಬಂದು ಪತ್ರಿಕೆಗಳಿಗೆ ಬರೆದವನು ನಾನು. ಇಷ್ಟು ತಯಾರಿ ಕೇಳಿದ ಪ್ರಯಾಣವನ್ನು ಮಾತ್ರ ಇನ್ನೊಂದು ಕಂಡಿಲ್ಲ.

ಅಕ್ಕ ಹೈಸ್ಕೂಲಿನಲ್ಲಿ ಗಣಿತದ ಟೀಚರ್ ಆಗಿದ್ದಳು. 2021ರ ಮೇ ತಿಂಗಳಲ್ಲಿ ಊರಿಗೆಲ್ಲ ಬಂದಂತೆ ಅವಳಿಗೂ ಕೋವಿಡ್ ಬಂತು. ಆಸ್ಪತ್ರೆ ಸೇರುವಷ್ಟೇನೂ ಆಗಲಿಲ್ಲ. ಜ್ವರ ಬಿಟ್ಟಿತು, ಶಾಲೆ ತೆರೆಯಿತು, ಬೋರ್ಡಿನ ಮುಂದೆ ನಿಂತವಳಿಗೆ ಏಳರ ಮಗ್ಗಿ ಮರೆತುಹೋಯಿತು. ಕಾಲು ತಡೆಯಲಿಲ್ಲ. ಮನೆಗೆ ಬಂದು ಮಲಗಿದವಳು ನಾಲ್ಕು ದಿನ ಏಳಲಿಲ್ಲ. ಅಲ್ಲಿಂದಾಚೆಗೆ ಅವಳ ದಿನಗಳಿಗೆ ಇದೇ ಲೆಕ್ಕ: ಇಂದು ಸ್ವಲ್ಪ ಹೆಚ್ಚು ಮಾಡಿದರೆ ನಾಳೆಯೋ ನಾಡಿದ್ದೋ ಅದಕ್ಕೆ ಬಡ್ಡಿ ಸಮೇತ ಕಟ್ಟಬೇಕು. ಎರಡು ವರ್ಷ, ಆರೇಳು ಡಾಕ್ಟರುಗಳ ಬಾಗಿಲು ಆದಮೇಲೆ ಈ ಕಾಯಿಲೆಗೆ ಒಂದು ಹೆಸರು ಸಿಕ್ಕಿತು. ಮಯಾಲ್ಜಿಕ್ ಎನ್ಸೆಫಲೊಮೈಲೈಟಿಸ್, ಇನ್ನೊಂದು ಹೆಸರು ಕ್ರಾನಿಕ್ ಫಟೀಗ್ ಸಿಂಡ್ರೋಮ್. ಮೊದಲನೆಯದು ನಾಲಿಗೆಗೆ ಸಿಗುವುದಿಲ್ಲ. ಎರಡನೆಯದನ್ನು ಕನ್ನಡಕ್ಕೆ ತಂದರೆ ‘ಬಹಳ ದಿನದ ಸುಸ್ತು’ ಎಂದಾಗುತ್ತದೆ, ಅಲ್ಲಿಗೆ ಕಾಯಿಲೆಯ ಮರ್ಯಾದೆಯೇ ಹೋಯಿತು.

ಕನ್ನಡದಲ್ಲಿ ಇದಕ್ಕೆ ಮಾತು ಕಡಿಮೆ ಇದೆಯೆಂದಲ್ಲ. ದಣಿವು, ಆಯಾಸ, ಬಳಲಿಕೆ, ನಿಶ್ಶಕ್ತಿ, ಸುಸ್ತು. ದಣಿವಿಗೆ ಒಂದು ಘನತೆ ಇದೆ, ಏಕೆಂದರೆ ಅದರ ಹಿಂದೆ ದುಡಿಮೆ ಇದೆ. ಗದ್ದೆ ಕೆಲಸ ಮುಗಿಸಿ ಬಂದವನು ದಣಿದಿರುತ್ತಾನೆ, ಉಂಡು ಮಲಗಿ ಎದ್ದರೆ ಸರಿಹೋಗುತ್ತಾನೆ. ಸುಸ್ತು ಒಂದು ಲೋಟ ಕಾಫಿಗೆ ಹೋಗುತ್ತದೆ. ಏನೂ ಮಾಡದೆ ಬರುವ, ಮಲಗಿದರೂ ಹೋಗದ ಈ ಸ್ಥಿತಿಗೆ ನಮ್ಮ ನೆರೆಹೊರೆ ಹುಡುಕಿಕೊಂಡ ಮಾತು ಒಂದೇ: ಸೋಮಾರಿತನ. ಅಕ್ಕನದು ಬೇರೆಯೇ ಒಂದು ಮಾತಿದೆ. ಅದನ್ನು ಹೇಳಬೇಕಾದರೆ ನಮ್ಮ ಊರನ್ನು ಹೇಳಬೇಕು.

ಒಂದು ಕಾಲಕ್ಕೆ ಬೆಂಕಿಪುರ ಎನಿಸಿಕೊಂಡಿದ್ದ ಊರು ನಮ್ಮದು. ಹಳೆಯ ಹೆಸರಿಗೆ ತಕ್ಕ ಹಾಗೆ 1923ರಲ್ಲಿ ಇಲ್ಲಿ ಕಬ್ಬಿಣ ಕರಗತೊಡಗಿತು. ಸರ್ ಎಂ. ವಿಶ್ವೇಶ್ವರಯ್ಯನವರು ಕಟ್ಟಿ ನಿಲ್ಲಿಸಿದ ಕಾರ್ಖಾನೆಗೆ ಅದಿರು ಕೆಮ್ಮಣ್ಣುಗುಂಡಿಯಿಂದ, ಇದ್ದಿಲು ಮಲೆನಾಡಿನ ಕಾಡಿನಿಂದ. ಅಪ್ಪ ಫರ್ನೇಸಿನಲ್ಲಿದ್ದರು, ನಾವು ಬೆಳೆದದ್ದು ನ್ಯೂಟೌನಿನ ಕ್ವಾರ್ಟರ್ಸಿನಲ್ಲಿ. ಅವರು ಹೇಳುತ್ತಿದ್ದ ಒಂದು ಮಾತು: ಫರ್ನೇಸನ್ನು ತಣ್ಣಗಾಗಲು ಬಿಡಬಾರದು, ಒಳಗಿನ ಲೋಹ ಗಟ್ಟಿಯಾಯಿತೆಂದರೆ ಆಮೇಲೆ ಎಷ್ಟು ಬೆಂಕಿ ಕೊಟ್ಟರೂ ತಕ್ಷಣಕ್ಕೆ ಕರಗುವುದಿಲ್ಲ, ಒಡೆದು ತೆಗೆಯಬೇಕು. ಅಕ್ಕ ನಾಲ್ಕು ದಿನ ಏಳದೆ ಹೋದಾಗ ಫೋನಿನಲ್ಲಿ ನನಗೆ ಹೇಳುವುದು ಎರಡೇ ಶಬ್ದ, ‘ಫರ್ನೇಸ್ ತಣ್ಣಗಾಯ್ತು.’ ಅಷ್ಟು ಸಾಕು. ಯಾವ ವೈದ್ಯಕೀಯ ಪುಸ್ತಕವೂ ನನಗೆ ಇದಕ್ಕಿಂತ ಚೆನ್ನಾಗಿ ತಿಳಿಸಿ ಹೇಳಿಲ್ಲ.

ಕಬ್ಬಿಣದ ಮಾತು ಬಂತು. ಮೊದಲ ಎರಡು ವರ್ಷ ಎಲ್ಲ ಡಾಕ್ಟರೂ ಅವಳಿಗೆ ಬರೆದುಕೊಟ್ಟದ್ದು ಕಬ್ಬಿಣದ ಮಾತ್ರೆ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಸರಿಯಾಗಿಯೇ ಇತ್ತು, ಆದರೂ ಬರೆದರು. ‘ಭದ್ರಾವತೀಲಿ ಹುಟ್ಟಿದೋಳಿಗೆ ಕಬ್ಬಿಣ ಕಮ್ಮೀನಾ?’ ಎಂದು ಅವಳು ನಗುತ್ತಿದ್ದಳು. 2005ರಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಗೋವಾದ ಹೆಂಗಸರ ನಡುವೆ ನಡೆಸಿದ ಅಧ್ಯಯನ ಪ್ರಕಟವಾಯಿತು. ನೂರರಲ್ಲಿ ಸುಮಾರು 12 ಮಂದಿ ಆರು ತಿಂಗಳಿಗೂ ಮೀರಿದ ಆಯಾಸ ಹೇಳಿಕೊಂಡಿದ್ದರು, ಅದಕ್ಕೂ ಹಿಮೋಗ್ಲೋಬಿನ್ ಪ್ರಮಾಣಕ್ಕೂ ನಂಟು ಕಾಣಲಿಲ್ಲ. ಅವರೆಲ್ಲರಿಗೂ ಅಕ್ಕನ ಕಾಯಿಲೆ ಇತ್ತೆಂದಲ್ಲ. ಬಡತನ, ಗಂಡನ ಹಿಂಸೆ, ಮನಸ್ಸಿನ ನೋವು ಎಲ್ಲ ಆ ಆಯಾಸದೊಳಗೆ ಸೇರಿತ್ತು. ಆದರೆ ‘ಸುಸ್ತಾ? ರಕ್ತ ಕಮ್ಮಿ’ ಎಂಬ ನಮ್ಮ ಕ್ಲಿನಿಕ್ಕುಗಳ ಮಂತ್ರಕ್ಕೆ ಆ ಅಧ್ಯಯನದಲ್ಲಿ ಜಾಗವಿರಲಿಲ್ಲ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಹೊರಟೆವು. ಕಾರಿನ ಹಿಂದಿನ ಸೀಟಿನಲ್ಲಿ ಎರಡು ದಿಂಬು, ಒಂದು ಕಂಬಳಿ, ಕಣ್ಣಿಗೆ ಕಪ್ಪು ಬಟ್ಟೆ, ಕಿವಿಗೆ ಹತ್ತಿ. ಉಪ್ಪು ಸಕ್ಕರೆ ಬೆರೆಸಿದ ನೀರಿನ ಬಾಟಲಿ. ಭಾವ ಪ್ರತಿ ಹಂಪಿಗೂ ಗಾಡಿಯನ್ನು ಹೆಚ್ಚುಕಡಿಮೆ ನಿಲ್ಲಿಸಿಯೇ ದಾಟಿಸುತ್ತಿದ್ದರು, ಹಿಂದಿನವರು ಹಾರನ್ ಹೊಡೆದರೂ ಕೇಳಿಸದವರಂತೆ. ಮಾಚೇನಹಳ್ಳಿಯ ಡೈರಿ, ನಿದಿಗೆ, ಮಲವಗೊಪ್ಪ. ನಾನು ಕಿಟಕಿಯಾಚೆ ಕಂಡದ್ದನ್ನೆಲ್ಲ ಅವಳಿಗೆ ಮೆಲ್ಲಗೆ ಹೇಳುತ್ತಿದ್ದೆ, ಎರಡು ವರ್ಷದಿಂದ ಅವಳು ಈ ರಸ್ತೆ ನೋಡಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವಳ ಕೈ ನನ್ನ ಮೊಣಕಾಲು ತಟ್ಟಿತು. ನಿಲ್ಲಿಸು ಎಂದರ್ಥ. ಕೇಳುವುದೂ ಕೆಲಸವೇ.

ತುಂಗೆಯ ಸೇತುವೆ ಬಂದಾಗ ಮಾತ್ರ ಅವಳೇ ಕಣ್ಣಿನ ಬಟ್ಟೆ ಸರಿಸಿದಳು. ಬಂಡೆಗಳ ನಡುವೆ ನೀರು ಮಾಗಿಯ ಬಿಸಿಲಿಗೆ ಹೊಳೆಯುತ್ತಿತ್ತು. ಮನೆಯ ಹತ್ತಿರ ಭದ್ರೆ, ಇಲ್ಲಿ ತುಂಗೆ, ಎರಡೂ ಸೇರುವ ಕೂಡಲಿ ಇಲ್ಲಿಂದ ದೂರವಿಲ್ಲ. ವಾಪಸು ಬರುವಾಗ ಕೂಡಲಿಗೂ ಹೋಗಿಬರೋಣ ಎಂದು ಹಿಂದಿನ ವಾರ ಫೋನಿನಲ್ಲಿ ನಾನು ಹೇಳಿದ್ದೆ. ಪ್ರವಾಸ ಬರೆಯುವವರ ಚಟ. ಅವಳು ಆಗ ಏನೂ ಅಂದಿರಲಿಲ್ಲ.

ನಾವು ಹೊರಟಿದ್ದದ್ದು ವೈದ್ಯರ ಒಂದು ಸಮ್ಮೇಳನಕ್ಕೆ. ಅದನ್ನು ನಡೆಸಿದವರ ಹೆಸರು, ಸಭಾಂಗಣದ ಹೆಸರು ಇಲ್ಲಿ ಬೇಡ. ಕೆಟ್ಟ ಮನಸ್ಸಿನವರಲ್ಲ ಅವರು. ಅಕ್ಕನನ್ನು ನೋಡುತ್ತಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಹಟ ಹಿಡಿದು ಕಾರ್ಯಕ್ರಮದ ಪಟ್ಟಿಯಲ್ಲಿ ‘ರೋಗಿಯೊಡನೆ ಸಂವಾದ, 10.30ರಿಂದ 10.40’ ಎಂದು ಹಾಕಿಸಿದ್ದರು. ಜ್ವರಗಳ ನಂತರ ಉಳಿಯುವ ತೊಂದರೆಗಳ ಬಗ್ಗೆ ಒಂದು ಗೋಷ್ಠಿ, ಅದರಲ್ಲಿ ಒಬ್ಬ ರೋಗಿ ಮಾತಾಡುವುದು. ನಮ್ಮ ಕಡೆ ಇದೇ ಹೊಸದು.

ಸಭಾಂಗಣ ಮೊದಲ ಮಹಡಿಯಲ್ಲಿ. ಲಿಫ್ಟು ಇತ್ತು, ಅದರ ತುಂಬ ಊಟದ ಪಾತ್ರೆಗಳು ಹೋಗುತ್ತಿದ್ದವು. ‘ಎರಡು ನಿಮಿಷ ಸಾರ್’ ಎಂದ ಅಡುಗೆಯವರ ಹುಡುಗ. ಎರಡು ನಿಮಿಷ ಹದಿನೈದಾಯಿತು. ಹಾಗಾಗಿ 28 ಮೆಟ್ಟಿಲು. ಎಣಿಸಿದ್ದು ನಾನಲ್ಲ, ಅಕ್ಕ. ಎಣಿಸುವ ಅಭ್ಯಾಸ ಅವಳಿಗೆ ಇನ್ನೂ ಬಿಟ್ಟಿಲ್ಲ. ಮೇಲೆ ಔಷಧ ಕಂಪನಿಗಳ ಮಳಿಗೆಗಳು, ಪೆನ್ನು, ಚೀಲ, ಡೈರಿ. ಒಂದು ಮಳಿಗೆಯ ಯುವಕ ಭಾವನ ಹೆಗಲಿಗೆ ಒರಗಿ ನಿಂತಿದ್ದ ಅವಳ ಕೈಗೆ ವಿಟಮಿನ್ ಮಾತ್ರೆಯ ಸ್ಯಾಂಪಲ್ ಇಟ್ಟು, ‘ಸುಸ್ತಿಗೆ ಬೆಸ್ಟ್ ಮೇಡಂ’ ಎಂದ. ಪಾಪ, ಅವನ ತಪ್ಪಲ್ಲ. ನನಗೆ ನಗು ಬಂತು, ಅವಳಿಗೆ ನಗಲೂ ಆಗಲಿಲ್ಲ.

ಒಳಗೆ ಎ.ಸಿ.ಯ ಚಳಿ. ಮಲ್ಲಿಗೆ, ಊದುಬತ್ತಿ, ನಾನಾ ಸೆಂಟುಗಳ ವಾಸನೆ. ಮೈಕು ಒಮ್ಮೆ ಕೀಚಿತು, ಅಕ್ಕ ಏಟು ತಿಂದವಳಂತೆ ಮುದುಡಿಕೊಂಡಳು. ಆಮೇಲೆ ಶುರುವಾಯಿತು ನಮ್ಮ ನಾಡಿನ ಮಹಾಕಾವ್ಯ: ಪ್ರಾರ್ಥನೆ, ಸ್ವಾಗತ, ಹೂಗುಚ್ಛ, ದೀಪ, ಪ್ರಾಸ್ತಾವಿಕ, ಉದ್ಘಾಟನಾ ನುಡಿ, ಶಾಲು, ಹಾರ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ, ಫೋಟೊಗಾಗಿ ಇನ್ನೊಮ್ಮೆ ನೆನಪಿನ ಕಾಣಿಕೆ. ಗಂಟೆ ಹನ್ನೊಂದೂವರೆ. ಅಕ್ಕನ ಹತ್ತು ನಿಮಿಷದ ಸುಳಿವೇ ಇಲ್ಲ. ಬಿಳಿ ಬಟ್ಟೆ ತೊಡಿಸಿ ಹಿಂದೆ ರಿಬ್ಬನ್ ಕಟ್ಟಿದ ಕುರ್ಚಿಯಲ್ಲಿ ಅವಳ ತುಟಿ ಬೆಳ್ಳಗಾಗುತ್ತಿತ್ತು. ಈ ಕಾಯಿಲೆಯವರಲ್ಲಿ ಬಹಳ ಮಂದಿಗೆ ನೆಟ್ಟಗೆ ಕೂರುವುದೇ ಒಂದು ದುಡಿಮೆ. ಕೂತರೆ, ನಿಂತರೆ ಎದೆ ಬಡಿತ ಏರುತ್ತದೆ, ತಲೆ ಮಂಜಾಗುತ್ತದೆ. 2015ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಕೊಟ್ಟ ವರದಿ ರೋಗ ಗುರುತಿಸುವ ಲಕ್ಷಣಗಳಲ್ಲಿ ಇದನ್ನೂ ಸೇರಿಸಿತು. ರೋಗಿಗಳಲ್ಲಿ ನಾಲ್ವರಲ್ಲಿ ಒಬ್ಬರಾದರೂ ಮನೆಗೋ ಹಾಸಿಗೆಗೋ ಕಟ್ಟಿಬಿದ್ದ ಕಾಲ ಕಂಡಿರುತ್ತಾರೆ ಎಂದೂ ಹೇಳಿತು. ಕುರ್ಚಿ ಕೊಟ್ಟು ಗೌರವಿಸಿದೆವು ಎಂದುಕೊಳ್ಳುತ್ತೇವೆ. ಇವರ ಪಾಲಿಗೆ ಕುರ್ಚಿ ಒಂದು ಶಿಕ್ಷೆ.

ಹೊರಗೆ ಕರೆತಂದೆ. ಪಡಸಾಲೆಯಲ್ಲಿ ಕಬ್ಬಿಣದ ಬೆಂಚು, ಮಲಗಲು ಅಗಲ ಸಾಲದು. ಅಲ್ಲಿದ್ದ ವಾಚ್‌ಮನ್ ಒಮ್ಮೆ ಅಕ್ಕನ ಮುಖ ನೋಡಿದವನು ಮೆಟ್ಟಿಲಿಳಿದು ಹೋಗಿ, ತನ್ನ ಕೋಣೆಯಿಂದ ಒಂದು ಚಾಪೆ, ಸುತ್ತಿದ ಹೊದಿಕೆ ತಂದ. ಗೋಡೆಯ ಬದಿಗೆ ಹಾಸಿದ. ನಾವು ಕೇಳಿರಲಿಲ್ಲ.

‘ನಂಗೂ ಹಿಂಗೇ ಆಗಿತ್ತು ಅಮ್ಮ’ ಎಂದ. ಸಾಗರ ತಾಲ್ಲೂಕಿನ ಕಡೆಯವನು, ಕೊನೆಗಾರ. ಕಾಲಿಗೆ ತಳೆ ಹಾಕಿ ಅಡಿಕೆ ಮರ ಹತ್ತಿ, ಒಂದರಿಂದ ಇನ್ನೊಂದಕ್ಕೆ ದಾಟುತ್ತಿದ್ದವನು. 2019ರ ಹಂಗಾಮಿನಲ್ಲಿ ಅವನಿಗೆ ಮಂಗನ ಕಾಯಿಲೆ ಬಂತು. ಆ ವರ್ಷ ಅರಳಗೋಡಿನ ಸುತ್ತಮುತ್ತ ಸಾವುಗಳಾಗಿ ಇಡೀ ರಾಜ್ಯಕ್ಕೆ ಸುದ್ದಿಯಾಗಿದ್ದು ಓದುಗರಿಗೆ ನೆನಪಿರಬಹುದು. ಅವನು ಬದುಕಿದ. ‘ಜ್ವರ ಬಿಡ್ತು ಅಮ್ಮ. ಮಳೆಗಾಲದ ಹೊತ್ತಿಗೆ ಔಷಧಿ ಹೊಡೆಯಕ್ಕೆ ಮರ ಹತ್ತಬೇಕಲ್ಲ, ಅರ್ಧಕ್ಕೆ ಕಾಲು ನಡುಗೋಕೆ ಹತ್ತಿತು. ಇಳಿದೆ. ಮತ್ತೆ ಹತ್ಲಿಲ್ಲ.’ ಸಾಹುಕಾರರು ಬೇರೆ ಕೊನೆಗಾರನನ್ನು ಗೊತ್ತುಮಾಡಿಕೊಂಡರು. ಇವನು ಶಿವಮೊಗ್ಗಕ್ಕೆ ಬಂದ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಜಗತ್ತಿಗೆ ಗೊತ್ತಾದ ರೋಗ ಅದು. ವೈರಸ್ಸಿಗೇ ನಮ್ಮ ಕಾಡಿನ ಹೆಸರು. ಉಣುಗಿನಿಂದ ಹರಡುತ್ತದೆ, ಕಾಡಿಗೆ ಹೋಗುವವರು ಮೈಗೆ ಡೆಪಾ ಎಣ್ಣೆ ಹಚ್ಚಿಕೊಳ್ಳುತ್ತಾರೆ, ಪತ್ತೆಗೆಂದೇ ಶಿವಮೊಗ್ಗದಲ್ಲಿ ಪ್ರಯೋಗಾಲಯ ಇದೆ. ಜ್ವರ ಬಿಟ್ಟ ಮೇಲೂ ಚೇತರಿಕೆಗೆ ತಿಂಗಳುಗಟ್ಟಲೆ ಹಿಡಿಯಬಹುದು ಎಂದು ವೈದ್ಯರ ಪುಸ್ತಕಗಳೇ ಹೇಳುತ್ತವೆ. ಆದರೆ ಪ್ರತಿ ಬೇಸಿಗೆ ಪತ್ರಿಕೆಯಲ್ಲಿ ನಾವು ಓದುವುದು ಎರಡು ಅಂಕಿ: ಸೋಂಕಿತರು ಇಷ್ಟು, ಸತ್ತವರು ಇಷ್ಟು. ಮರದಿಂದ ಅರ್ಧಕ್ಕೇ ಇಳಿದುಬಂದವರ ಅಂಕಿಗೆ ಕಾಲಂ ಇಲ್ಲ. ಜ್ವರದ ನಂತರದ ಬಳಲಿಕೆಯ ಬಗ್ಗೆ ಒಳಗೆ ಗೋಷ್ಠಿ ನಡೆಯುತ್ತಿದೆ, ಬಾಗಿಲು ಕಾಯುವವನನ್ನು ಯಾರೂ ಒಳಗೆ ಕರೆದಿಲ್ಲ.

ಅರೆತೆರೆದ ಬಾಗಿಲಿನಿಂದ ಪರದೆ ಕಾಣುತ್ತಿತ್ತು. ಅದರ ಮೇಲೆ ಒಬ್ಬ ಬಿಳಿಯ ಹೆಂಗಸಿನ ಚಿತ್ರ, ಕಂಪ್ಯೂಟರಿನ ಮುಂದೆ ಹಣೆಗೆ ಕೈಯಿಟ್ಟು, ಪಕ್ಕದಲ್ಲಿ ಕಾಫಿ ಲೋಟ. ಆ ಚಿತ್ರ ಎಲ್ಲೆಡೆಯೂ ಒಂದೇ. ರೋಗಿ ಪರದೆಯ ಮೇಲಿದ್ದಾಳೆ, ರೋಗಿ ಚಾಪೆಯ ಮೇಲೂ ಇದ್ದಾಳೆ, ನಡುವೆ ಒಂದು ಬಾಗಿಲು.

ಆ ಬಾಗಿಲು ತಾನಾಗಿ ತೆರೆದದ್ದು ಎಲ್ಲಿಯೂ ಇಲ್ಲ. 1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಸುಮಾರು 300 ಸಿಬ್ಬಂದಿ ಇಂಥದೇ ಕಾಯಿಲೆ ಬಿದ್ದರು. ಅವರಲ್ಲಿ ಡಾಕ್ಟರುಗಳೂ ಇದ್ದರು, ನರ್ಸುಗಳೂ ಇದ್ದರು. ಹದಿನೈದು ವರ್ಷದ ಮೇಲೆ ಇಬ್ಬರು ಮನೋವೈದ್ಯರು ಹಳೆಯ ಕೇಸ್ ಪತ್ರಗಳನ್ನು ತಿರುವಿಹಾಕಿ, ಇದು ಸಾಮೂಹಿಕ ಹಿಸ್ಟೀರಿಯಾ ಎಂದು ಬರೆದರು. ಆಸ್ಪತ್ರೆಯವರನ್ನೇ ನಂಬದವರು ಗಣಿತದ ಟೀಚರನ್ನು ನಂಬಿಯಾರೇ? ಏಡ್ಸ್ ರೋಗಿಗಳು 1983ರಲ್ಲಿ ಡೆನ್ವರಿನ ಸಮ್ಮೇಳನವೊಂದರಲ್ಲಿ ವೇದಿಕೆ ಹತ್ತಿಯೇ ಬಿಟ್ಟರು. ನಮ್ಮ ಬಗ್ಗೆ ನಡೆಯುವ ಸಭೆಗಳಲ್ಲಿ ನಮಗೆ ಸರಿಸಮನಾದ ಜಾಗ ಬೇಕು ಎಂದರು. ಅಕ್ಕನ ಕಾಯಿಲೆಯವರಿಗೆ ವೇದಿಕೆ ಹತ್ತುವ ತ್ರಾಣವೇ ಇಲ್ಲ, ಅದೇ ತೊಡಕು. ಜೆನಿಫರ್ ಬ್ರಿಯಾ ಎಂಬ ಅಮೆರಿಕದ ಹೆಣ್ಣುಮಗಳು ಹಾಸಿಗೆಯಿಂದಲೇ, ಕಂಪ್ಯೂಟರಿನ ಮೂಲಕ ನಿರ್ದೇಶಿಸಿ ‘ಅನ್‌ರೆಸ್ಟ್’ ಎಂಬ ಸಾಕ್ಷ್ಯಚಿತ್ರ ಮಾಡಿದಳು, 2017ರಲ್ಲಿ. ನೆದರ್ಲೆಂಡ್ಸಿನ ಲೂಸಿಯನ್ ಎಂಗೆಲೆನ್, ರೋಗಿಗಳಿಗೆ ಜಾಗವಿಲ್ಲದ ವೈದ್ಯಕೀಯ ಸಮ್ಮೇಳನಗಳಲ್ಲಿ ತಾನು ಮಾತಾಡುವುದಿಲ್ಲ ಎಂದವರು. ಆ ಹಟದಿಂದಲೇ 2015ರಲ್ಲಿ ಸಮ್ಮೇಳನಗಳಿಗೊಂದು ಸನ್ನದು ಹುಟ್ಟಿತು. ಯೋಜನೆ ಹಾಕುವಾಗಲೇ ರೋಗಿಗಳಿರಲಿ, ಅವರ ಬಂದುಹೋಗುವ ಖರ್ಚು ಕೊಡಿ, ಅಂಗವೈಕಲ್ಯಕ್ಕೆ ತಕ್ಕ ಅನುಕೂಲ ಮಾಡಿ, ಬರಲಾಗದವರಿಗೆ ಮನೆಯಿಂದಲೇ ನೋಡಲು ಬಿಡಿ ಎನ್ನುತ್ತದೆ ಅದು.

ಅಷ್ಟು ದೂರ ಹೋಗಬೇಕಿಲ್ಲ ಅನ್ನಿ. ಹೊನ್ನಾಳಿ ದಾಟಿದರೆ ದಾವಣಗೆರೆ, ಅಲ್ಲಿ ಡಾ. ಸುರೇಶ್ ಹನಗವಾಡಿ ಇದ್ದಾರೆ, ತಾವೇ ಹಿಮೋಫಿಲಿಯಾ ಇರುವವರು, ಹಿಮೋಫಿಲಿಯಾ ಸೊಸೈಟಿಯನ್ನು ಕಟ್ಟಿ ಬೆಳೆಸಿದವರು. ರೋಗಿಯೇ ವೈದ್ಯನಾಗಿ ಮೈಕಿನ ಮುಂದೆ ನಿಂತಾಗ ಸಭೆಯ ಚಹರೆಯೇ ಬದಲಾಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಹಿಮೋಫಿಲಿಯಾಕ್ಕೆ ಜಾಗವಿದೆ. ಅಕ್ಕನ ಕಾಯಿಲೆಯ ಹೆಸರು ಅಲ್ಲಿಲ್ಲ.

ಇನ್ನೂ ಹತ್ತಿರದ ಮಾತು. ನಮ್ಮ ಯಾವ ಮದುವೆ ಛತ್ರಕ್ಕೆ ಹೋದರೂ ಒಂದು ಕೋಣೆಯಲ್ಲಿ ಜಮಖಾನ, ಹಾಸಿಗೆ, ದಿಂಬು ಇರುತ್ತವೆ. ಅಜ್ಜಿಯರು, ಬಸುರಿಯರು, ಮಗುವಿಗೆ ಹಾಲೂಡಿಸುವವರು ಅಲ್ಲಿ ಒರಗುತ್ತಾರೆ, ಧಾರೆಯ ಹೊತ್ತಿಗೆ ಎದ್ದು ಬಂದು ಅಕ್ಷತೆ ಹಾಕುತ್ತಾರೆ. ಮಲೆನಾಡಿನಲ್ಲಿ ಬಯಲಾಟ ನೋಡಲು ಜನ ಕಂಬಳಿ ಹೊತ್ತು ಹೋಗುತ್ತಿದ್ದರು. ಒಂದು ಪ್ರಸಂಗದ ನಡುವೆ ಮಲಗಿ, ಚೆಂಡೆ ಜೋರಾದಾಗ ಎದ್ದು, ರಾಕ್ಷಸ ಸತ್ತ ಮೇಲೆ ಮತ್ತೆ ಮಲಗುವುದಿತ್ತು. ಭಾಗವತರಿಗೆ ಅದರಿಂದ ಅವಮಾನವಾದದ್ದನ್ನು ನಾನು ಕೇಳಿಲ್ಲ. ಮಲಗಿ ಕೇಳುವವರನ್ನೂ ಸಭಿಕರೆಂದು ಎಣಿಸುವ ಪದ್ಧತಿ ನಮ್ಮಲ್ಲೇ ಇತ್ತು. ಟೈ ಕಟ್ಟಿದ ಮೇಲೆ ಎಲ್ಲಿ ಹೋಯಿತೋ.

ಹನ್ನೆರಡೂ ಇಪ್ಪತ್ತಕ್ಕೆ ಡಾಕ್ಟರಮ್ಮ ಓಡುತ್ತ ಹೊರಗೆ ಬಂದರು. ಚಾಪೆಯ ಮೇಲೆ ಅಕ್ಕನನ್ನು ಕಂಡು ಅವರ ಕಣ್ಣು ತುಂಬಿತು. ‘ಸಾರಿ ಮೇಡಂ, ಬೇಡ ಬಿಡಿ, ಮನೆಗೆ ಹೋಗಿ’ ಎಂದರು. ‘ಇಷ್ಟು ಖರ್ಚು ಮಾಡ್ಕೊಂಡು ಬಂದಿದೀನಿ ಡಾಕ್ಟ್ರೇ’ ಎಂದಳು ಅಕ್ಕ, ‘ಮೈಕು ಇಲ್ಲಿಗೇ ತನ್ನಿ.’ ವೈರ್ ಇಲ್ಲದ ಮೈಕು ಬಂತು. ಮಲಗಿದಲ್ಲಿಂದಲೇ, ಕಣ್ಣು ಮುಚ್ಚಿ, ಅವಳು ಮಾತಾಡಿದಳು. ಒಳಗೆ ವೇದಿಕೆ ಖಾಲಿ, ದನಿ ಮಾತ್ರ ಸಭಾಂಗಣದಲ್ಲಿ. ತಲೆಗಳು ಒಂದೊಂದಾಗಿ ಬಾಗಿಲ ಕಡೆ ಹೊರಳುವುದು ನನಗೆ ಕಂಡಿತು.

‘ನಾನು ಗಣಿತದ ಟೀಚರು. ಲೆಕ್ಕ ಹೇಳ್ತೀನಿ. ಬುಧವಾರ ಸ್ನಾನ. ಗುರುವಾರ ಅದರ ಬಾಬ್ತು ನಿದ್ದೆ. ಶುಕ್ರವಾರ ಸೀರೆ. ಶನಿವಾರ ಮೌನ. ಇವತ್ತು 28 ಮೆಟ್ಟಿಲು, ಎರಡೂವರೆ ಗಂಟೆ ಕಾಯೋದು. ಈಗ ನಾಲ್ಕು ನಿಮಿಷ ಮಾತು. ನೀವು ಈಗ ನನ್ನ ನೋಡಿದ್ರೆ ಚೆನ್ನಾಗೇ ಇದಾರಲ್ಲ ಅಂತೀರಿ. ಮಂಗಳವಾರ ಮನೆಗೆ ಬನ್ನಿ.’ ಇಷ್ಟನ್ನು ನಡುನಡುವೆ ನಿಂತು, ಉಸಿರು ತೆಗೆದುಕೊಂಡು ಹೇಳಿದಳು. ಅವಳು ತುಂಬ ದಿನದಿಂದ ಮನಸ್ಸಿನಲ್ಲೇ ಬರೆದು ಅಳಿಸಿದ ಭಾಷಣ ಬೇರೆಯೇ ಇತ್ತು ಎಂದು ಭಾವ ಆಮೇಲೆ ಹೇಳಿದರು.

ಪ್ರಶ್ನೆಗಳಿದ್ದವು. ದಿನಾ ಸ್ವಲ್ಪ ಸ್ವಲ್ಪವೇ ವಾಕಿಂಗ್ ಹೆಚ್ಚಿಸುತ್ತ ಹೋಗಬಹುದಲ್ಲ, ಪ್ರಾಣಾಯಾಮ ಮಾಡಬಹುದಲ್ಲ ಎಂದರು ಹಿರಿಯರೊಬ್ಬರು. ಹಾಗೆ ಮೆಟ್ಟಿಲು ಮೆಟ್ಟಿಲಾಗಿ ವ್ಯಾಯಾಮ ಹೆಚ್ಚಿಸುವ ಚಿಕಿತ್ಸೆಯನ್ನು ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲಿ ಈ ರೋಗಕ್ಕೆ ಬೇಡವೆಂದು ಕೈಬಿಟ್ಟದ್ದನ್ನು ಡಾಕ್ಟರಮ್ಮ ವಿನಯದಿಂದಲೇ ತಿಳಿಸಿದರು. ಅಷ್ಟರಲ್ಲಿ ಇನ್ನೊಬ್ಬರು, ತಲೆ ಪೂರ್ತಿ ನರೆತವರು, ಎದ್ದು ಹೊರಗೇ ಬಂದರು. ಪ್ಯಾಂಟಿನ ಗೀರು ಕೆಡುವುದನ್ನು ಲೆಕ್ಕಿಸದೆ ಚಾಪೆಯ ಪಕ್ಕ ನೆಲದ ಮೇಲೆ ಕೂತು ಅಕ್ಕನ ಮಣಿಕಟ್ಟು ಹಿಡಿದರು. ಗಡಿಯಾರ ನೋಡಿದರು. ‘ಒಂದ್ಸಲ ಎದ್ದು ನಿಲ್ಲಕ್ಕಾಗತ್ತಾ ತಾಯಿ? ಹಿಡ್ಕೋತೀವಿ.’ ನಿಲ್ಲಿಸಿ ಮತ್ತೆ ಎಣಿಸಿದರು. ಮಲಗಿದ್ದಾಗ 78 ಇದ್ದದ್ದು 116 ಆಗಿತ್ತು. ‘ಮಲಗಮ್ಮ, ಮಲಗು’ ಎಂದರು. ಬೇರೇನೂ ಹೇಳಲಿಲ್ಲ. ಬಹಳ ಹೊತ್ತು ಅಲ್ಲೇ ಕೂತಿದ್ದರು.

ಊಟಕ್ಕೆ ನಿಲ್ಲಲಿಲ್ಲ. ವಾಚ್‌ಮನ್ ಅವಳನ್ನು ಹೆಚ್ಚುಕಡಿಮೆ ಎತ್ತಿಯೇ ಲಿಫ್ಟಿಗೆ ಕರೆತಂದ. ಪಾತ್ರೆಗಳು ಆಗ ಖಾಲಿಯಾಗಿ ಕೆಳಗಿಳಿದಿದ್ದವು. ಕೂಡಲಿಯ ಮಾತನ್ನು ನಾನು ಎತ್ತಲಿಲ್ಲ. ಸೇತುವೆ ಬಂದಾಗ ಅವಳು ಬಟ್ಟೆ ಸರಿಸಲೂ ಇಲ್ಲ.

ಸೋಮವಾರ ಅವಳು ಚೆನ್ನಾಗಿಯೇ ಇದ್ದಂತೆ ಕಂಡಳು. ಮಂಗಳವಾರ ಮಧ್ಯಾಹ್ನ ಫರ್ನೇಸ್ ತಣ್ಣಗಾಯಿತು. ನಾನು ರಜೆ ಮುಂದುವರಿಸಿ ಉಳಿದುಕೊಂಡೆ. ಪರದೆ ಎಳೆದ ಕೋಣೆ, ಚಮಚದಲ್ಲಿ ಗಂಜಿ. ಬುಧವಾರ ಅವಳ ಫೋನಿಗೆ ಸಮ್ಮೇಳನದವರಿಂದ ಒಂದು ಫಾರಂ ಬಂತು: ‘ವ್ಯವಸ್ಥೆ ಹೇಗಿತ್ತು? ಎರಡು ದಿನದೊಳಗೆ ತಿಳಿಸಿ.’ ಒಂಬತ್ತನೆಯ ದಿನ ಅವಳಿಗೆ ಅದನ್ನು ಓದಿ ಹೇಳಿದೆ. ಒತ್ತಿದರೆ, ಅವಧಿ ಮುಗಿದಿದೆ ಎಂದು ಬಂತು.

‘ಇರಲಿ, ನೀನು ಬರ್ಕೊ’ ಎಂದಳು.

ನನ್ನ ಪ್ರವಾಸದ ಟಿಪ್ಪಣಿ ಪುಸ್ತಕದ ಕೊನೆಯ ಪುಟಗಳಲ್ಲಿ ಅದು ಇದೆ. ದಿನಕ್ಕೆ ಒಂದೇ ಒಂದು ಮಾತು, ಕೆಲವು ದಿನ ಅದೂ ಇಲ್ಲ. ‘ಮಲಗೋಕೆ ಜಾಗ, ಬಾಗಿಲ ಹೊರಗಲ್ಲ, ಒಳಗೆ.’ ಮಾರನೆಯ ದಿನ: ‘ದೀಪ, ಹಾರ ಎಲ್ಲ ಕಡೇಲಿ ಇಟ್ಕೊಳ್ಳಲಿ. ರೋಗಿಯ ಮಾತು ಮೊದಲು.’ ಎರಡು ದಿನ ಬಿಟ್ಟು: ‘ಸೆಂಟು ಹಾಕ್ಕೊಂಡು ಬರಬೇಡಿ ಅಂತ ಕಾಗದದಲ್ಲೇ ಬರೀಲಿ.’ ಆಮೇಲೆ: ‘ಮನೆಯಿಂದಲೇ ಮಾತಾಡ್ತೀನಿ ಅಂದ್ರೆ ಒಪ್ಕೊಳ್ಳಲಿ. ಆದ್ರೆ ಅದನ್ನೇ ನೆಪ ಮಾಡ್ಕೊಂಡು ಕರೆಯೋದನ್ನೇ ಬಿಡಬಾರದು.’ ಇನ್ನೊಂದು ದಿನ ಬರೀ ‘ಲಿಫ್ಟು’ ಎಂದು ನಕ್ಕಳು. ಮತ್ತೊಂದು ದಿನ, ‘ಆ ವಾಚ್‌ಮನ್ನನ್ನ ಕರೀಲಿ. ಹೆಸರು ಕೇಳ್ದ್ಯಾ ನೀನು?’

ನಾನು ಕೇಳಿರಲಿಲ್ಲ.

ಬೆಂಗಳೂರಿಗೆ ಹೊರಡುವ ಹಿಂದಿನ ರಾತ್ರಿ ಪುಸ್ತಕ ಹಿಡಿದು ಕೂತೆ. ಅವಳು ಬಾಯಿ ತೆರೆದಳು, ಏನೋ ಹೇಳಹೊರಟು ನಿಲ್ಲಿಸಿದಳು. ‘ಇನ್ನೊಂದಿತ್ತು ಕಣೋ. ಮರೆತೋಯ್ತು. ಬೆಳಿಗ್ಗೆ ಹೇಳ್ತೀನಿ, ಲೈಟ್ ಆರಿಸು.’